ಮುಂಗಾರಿನ ಆರಂಭದಲ್ಲಿ ಕೊರವ ಮೀನಿನ ಗಾಳ

ಹಳೇಬೀಡಿನ ದ್ವಾರಸಮುದ್ರ, ಬೇಲೂರಿನ ವಿಷ್ಣುಸಮುದ್ರ, ಅರಸೀಕೆರೆಯ ಕಂತೇನಹಳ್ಳಿ ಕೆರೆ ಮೊದಲಾದ ಈ ಸೀಮೆಯ ಕೆರೆಗಳ ಜೊಂಡಿನ ಅಂಚುಗಳು ಕೊರವ ಮೀನಿಗೆ ಒಗ್ಗಿದ ನೆಲೆಗಳಾಗಿರುವುವು. ಕುಚ್ಚಿನ ಮೀನೆಂದೂ ಕರೆಯಲ್ಪಡುವ ಈ ಬೇಟೆಗಾರ ಮೀನು ಕಿವಿರುಗಳಿದ್ದರೂ ಆಗಾಗ್ಗೆ ಮೇಲೆ ಬಂದು ಗಾಳಿಯನ್ನು ಸೇವಿಸುವುದು. ಗಾಳಗಾರನು ಮೊದಲು ನೋಡತಕ್ಕದ್ದು ನೀರಿನ ಮೇಲಣ ಆ ಗುಳ್ಳೆಯನ್ನೇ.

ಭರಣಿ, ಕೃತ್ತಿಕೆ ಮಳೆಗಳಿಂದ ಕೆನ್ನೀರು ಬಂದಾಗ ಮೀನು ಅಂಚಿನ ತೆಳುನೀರಿಗೆ ಏರುವುದು. ಆಗ ಚಮಚದಾಕಾರದ ಲೋಹದ ಮಿನುಗು ಕಾಣದು. ನೀರನ್ನು ಕದಡುವ ಕಪ್ಪುಬಣ್ಣದ ದಪ್ಪ ಕೃತಕ ಎರೆಯೇ ಮೇಲು. ನೀರು ತಿಳಿಯಾದ ಮೇಲೆ ಮಿನುಗನ್ನು ಉಪಯೋಗಿಸಬಹುದು. ಜೊಂಡಿನ ನಡುವೆಯಾದರೋ ಕೊಕ್ಕೆ ಮೇಲ್ಮುಖವಾಗಿರುವ ರಬ್ಬರಿನ ಕಪ್ಪೆಗೆ ಸಮನಾದುದಿಲ್ಲ. ಜೀವಂತ ಕಪ್ಪೆಯನ್ನು ಚುಚ್ಚುವ ಹಳೆಯ ವಾಡಿಕೆಯನ್ನು ಬಿಡುವುದು ಲೇಸು. ಗದ್ದೆಯ ಹುಳುಗಳನ್ನು ತಿನ್ನುವ ಕಪ್ಪೆ ರೈತನಿಗೆ ಕೂಲಿ ಕೇಳದ ಆಳು. ಗುಳ್ಳೆ ಎದ್ದ ಸ್ಥಳದಿಂದ ಆಚೆಗೆ ಎಸೆದು ನಿಧಾನವಾಗಿ ಎಳೆದು ತರಬೇಕು. ಮೀನು ಎರಗಿದೊಡನೆ ಜಗ್ಗಿದರೆ ಕಪ್ಪೆ ಮಾತ್ರ ಕೈಗೆ ಬರುವುದು; ದಾರ ಬಿಗಿಯುವ ತನಕ ತಾಳಬೇಕು. ಆತುರಗಾರರಿಗೆ ಇದೇ ಕಷ್ಟ.

ಕೆಲವರು ಕೆಂಪು ಮರಿಗಳ ಹಿಂಡನ್ನು ಹುಡುಕಿ ಅದರ ಮೇಲೆಯೇ ಗಾಳವೆಸೆಯುವರು. ಮರಿ ಕಾಯುವ ಮೀನು ಹಸಿವಿಲ್ಲದಿದ್ದರೂ ಸಿಟ್ಟಿನಿಂದ ಕಚ್ಚುವುದರಿಂದ ಇದು ಅತಿ ಸುಲಭ. ಆದರೆ ಕಾವಲು ತಪ್ಪಿದ ಮರಿಗಳು ಇತರ ಮೀನುಗಳಿಗೂ ಹಕ್ಕಿಗಳಿಗೂ ಆಹಾರವಾಗುವುವು. ಒಂದು ಮೀನಿನ ಆಸೆಗೆ ಮುಂದಿನ ವರ್ಷಗಳ ಫಸಲೇ ಹೋಗುವುದು. ಮರಿಹಿಂಡು ಕಂಡ ಮೂಲೆಯಲ್ಲಿ, ಮರಿಗಳು ಬೆಳೆದು ಚದರುವವರೆಗೆ ಯಾರೂ ಗಾಳ ಹಾಕದಂತೆ ಗ್ರಾಮದ ಮುಖಂಡರು ತಡೆಯತಕ್ಕದ್ದು. ಕೆರೆಯು ಗುತ್ತಿಗೆಯಲ್ಲಿದ್ದರೆ ಗುತ್ತಿಗೆದಾರನನ್ನೂ ಕರೆದು ಈ ಮಾತನ್ನು ಮಳೆಗೆ ಮುಂಚೆಯೇ ಗೊತ್ತುಮಾಡಿಕೊಳ್ಳಬೇಕು.