ಮರಗಸಿ ಮುಗಿದ ತೋಟದ ಸೌದೆ

ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನ ಕಾಫಿ ತೋಟಗಳಲ್ಲಿ ಮಳೆಗಾಲಕ್ಕೆ ಮುಂಚೆ ಮರಗಸಿ ನಡೆಯುತ್ತೆ. ನೆರಳು ಹೆಚ್ಚಾದ ಮರಗಳ ಕೊಂಬೆ ಕಡಿದು ಗಿಡಕ್ಕೆ ಬೆಳಕು ಬಿಡೋ ಕೆಲಸ ಇದು. ಬಿದ್ದ ಕೊಂಬೆಗಳನ್ನ ಎಷ್ಟೋ ತೋಟದವರು "ಬೇಕಾದ್ರೆ ತಗೊಂಡು ಹೋಗಿ" ಅಂತಾರೆ. ಕೇಳದೆ ಮಾತ್ರ ಮುಟ್ಟಬೇಡಿ. ಬೀಟೆ, ಗಂಧದ ತುಂಡಿಗಂತೂ ಕೈ ಹಾಕಲೇಬೇಡಿ, ಅದಕ್ಕೆ ಅರಣ್ಯ ಇಲಾಖೆ ಕಾನೂನಿದೆ.

ಹಾಲುವಾಣ ಹಗುರ ಮರ, ಭರ್ರನೆ ಉರಿದು ಬೂದಿಯಾಗುತ್ತೆ. ಮತ್ತಿ, ಹಲಸು ಸಿಕ್ಕರೆ ಬಿಡಬೇಡಿ. ಕಿತ್ತು ಹಾಕಿದ ಹಳೇ ಕಾಫಿ ಗಿಡದ ಬೊಡ್ಡೆ ಸಿಕ್ಕರಂತೂ ಪುಣ್ಯ! ಅದರ ಕೆಂಡ ನಿಧಾನಕ್ಕೆ ಆರುತ್ತೆ, ಹಂಡೆ ನೀರು ಬಿಸಿಯಾಗೇ ಇರುತ್ತೆ. ಬಚ್ಚಲೊಲೆಗೆ ನನ್ನ ಮೊದಲ ಆಯ್ಕೆ ಅದೇ.

ಹಸಿ ಇದ್ದಾಗಲೇ ಸೀಳಿ. ಒಣಗಿದ ಮೇಲೆ ಗಂಟು ಕೊಡಲಿಯನ್ನೇ ಕಚ್ಚಿಕೊಳ್ಳುತ್ತೆ. ಒಂದೂವರೆ ಅಡಿಗೆ ತುಂಡು ಮಾಡಿ, ಬಿರುಕು ಇರೋ ಕಡೆ ಏಟು ಹಾಕಿ. ಬಗ್ಗದಿದ್ದರೆ ಕಬ್ಬಿಣದ ಬೆಣೆ ಹೊಡೆಯಿರಿ.

ಹಸಿ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ. ಅದು ಶೇ. 20ಕ್ಕಿಂತ ಕೆಳಗಿಳಿದರೆ ಹೊಗೆ ಕಡಿಮೆ. ಮಲೆನಾಡಿನ ಮಳೆಗೆ ಬರೀ ಟಾರ್ಪಾಲು ಸಾಲದು. ಸೂರಿನಡಿ, ನೆಲದಿಂದ ಎತ್ತರಿಸಿ, ಗಾಳಿಯಾಡೋ ಹಾಗೆ ಒಟ್ಟಿ. ಎರಡು ತುಂಡು ಬಡಿದಾಗ ಟಣ್ ಅಂದರೆ ಒಲೆಗೆ, ಮಂದ ಸದ್ದು ಬಂದರೆ ಇನ್ನೂ ಒಣಗಲಿ.