ನಳಿಗೆಗೆ ತಕ್ಕ ಗುಂಡು

ಎನ್. ಸಿ. ಸಿ. ಶಿಬಿರದಲ್ಲಿ .22 ರೈಫಲನ್ನು ಕೈಯಲ್ಲಿ ಹಿಡಿದ ವಿದ್ಯಾರ್ಥಿಗಳಿಗೆ ಕೋವಿಯ ಲೋಹದ ಮೇಲೆ ಕೆತ್ತಿರುವ ಅಂಕೆಗಳ ಪರಿಚಯವಿರಬಹುದು. ಅವು ಅಲಂಕಾರಕ್ಕಾಗಿ ಇರುವುವಲ್ಲ. ಈ ನಳಿಗೆಗೆ ಯಾವ ತೋಟಾ ಸಲ್ಲುತ್ತದೆ ಎಂಬುದನ್ನು ತಯಾರಕನು ಅಲ್ಲಿ ಹೇಳಿರುತ್ತಾನೆ. ಪಿಸ್ತೂಲು, ರಿವಾಲ್ವರುಗಳಂಥ ಕೈಕೋವಿಗಳಲ್ಲಿ ಈ ಮಾತಿಗೆ ಇನ್ನೂ ಹೆಚ್ಚಿನ ಬೆಲೆಯುಂಟು. ಏಕೆಂದರೆ ಅಲ್ಲಿ ಸ್ಫೋಟ ನಡೆಯುವುದು ಹಿಡಿದವನ ಬೆರಳುಗಳಿಂದ ಎರಡು ಮೂರು ಅಂಗುಲಗಳಾಚೆ. ನಳಿಗೆಗೂ ಗುಂಡಿಗೂ ಇರಬೇಕಾದ ಹೊಂದಿಕೆಯನ್ನು ಭೌತಶಾಸ್ತ್ರದ ದೃಷ್ಟಿಯಿಂದ ನಾವು ಪರಿಶೀಲಿಸೋಣ.

ತೋಟಾ ಬೇರೆ, ಗುಂಡು ಬೇರೆ. ತಳದಲ್ಲಿ ಪೆಟ್ಟಿಗೆ ಸಿಡಿಯುವ ಪುಟ್ಟ ಬಟ್ಟಲು, ಅದರ ಮೇಲೆ ಮದ್ದು, ತುದಿಯಲ್ಲಿ ಗುಂಡು, ಇವಿಷ್ಟನ್ನೂ ಹಿಡಿದಿಡುವ ಹಿತ್ತಾಳೆಯ ಕೋಶ, ಇವೆಲ್ಲ ಸೇರಿ ತೋಟಾ. ಮದ್ದು ಉರಿದು ಅನಿಲವಾದಾಗ ಕೋಶವು ಹಿಗ್ಗಿ ತನ್ನ ಗೂಡಿನ ಗೋಡೆಗೆ ಒತ್ತಿಕೊಳ್ಳುತ್ತದೆ. ಗುಂಡು ನಳಿಗೆಯೊಳಕ್ಕೆ ನುಗ್ಗುತ್ತದೆ. ಇಂದು ಬಹುವಾಗಿ ಬಳಕೆಯಲ್ಲಿರುವ 9×19 ಮಿಲಿಮೀಟರ್ ತೋಟಾದಲ್ಲಿ ಅನಿಲದ ಗರಿಷ್ಠ ಒತ್ತಡ 2350 ಬಾರ್, ಎಂದರೆ ವಾಯುಮಂಡಲದ ಒತ್ತಡದ ಎರಡು ಸಾವಿರದ ಮುನ್ನೂರರಷ್ಟು. ಗುಂಡಿನ ಬೆನ್ನಿನ ಕ್ಷೇತ್ರಫಲವನ್ನು ಲೆಕ್ಕ ಹಾಕಿದರೆ ಅದರ ಮೇಲೆ ಬೀಳುವ ಬಲ ಸುಮಾರು ಒಂದೂವರೆ ಟನ್ ತೂಕಕ್ಕೆ ಸಮ. ಅಂಗೈಯಲ್ಲಿ ಅಡಗುವ ಯಂತ್ರದೊಳಗೆ ಇಷ್ಟು ಬಲ! ಅದು ನಿಲ್ಲುವುದು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಕಾಲ ಎಂಬುದೇನೋ ನಿಜ. ಆದರೆ ಉಕ್ಕು ಒಡೆಯಲು ಅಷ್ಟು ಕಾಲ ಸಾಕು.

ಉಕ್ಕಿನ ಪಾಡೇನು ಎಂಬುದನ್ನು ಒರಟಾಗಿ ತಿಳಿಯಬಹುದು. ಒತ್ತಡವನ್ನು ತ್ರಿಜ್ಯದಿಂದ ಗುಣಿಸಿ ಗೋಡೆಯ ದಪ್ಪದಿಂದ ಭಾಗಿಸಿದರೆ ಗೋಡೆಯನ್ನು ಸೀಳಲೆಳಸುವ ಎಳೆತ ಸಿಗುತ್ತದೆ. ಗೂಡಿನ ತ್ರಿಜ್ಯ 5 ಮಿಲಿಮೀಟರ್, ಗೋಡೆಯ ದಪ್ಪ 3 ಮಿಲಿಮೀಟರ್ ಎಂದಿಟ್ಟುಕೊಂಡರೆ ಅದು ಚದರ ಮಿಲಿಮೀಟರಿಗೆ ಸುಮಾರು 390 ನ್ಯೂಟನ್. ಕಟ್ಟಡಕ್ಕೆ ಬಳಸುವ ಸಾಧಾರಣ ಉಕ್ಕು 250ರ ಸುಮಾರಿನಲ್ಲಿಯೇ ಶಾಶ್ವತವಾಗಿ ಹಿಗ್ಗಿಹೋಗುತ್ತದೆ. (ಈ ಸೂತ್ರ ತೆಳುಗೋಡೆಯ ಕೊಳವೆಗೆ ಮಾತ್ರ ಸರಿಯಾದುದು. ಇಲ್ಲಿ ಅಂದಾಜಿಗೆ ಸಾಕು.) ಆದಕಾರಣವೇ ನಳಿಗೆಗೆ ಮಿಶ್ರಲೋಹದ ಉಕ್ಕು. 1914ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಆಯೋಗದ ನಿಯಮದಂತೆ, ಪ್ರತಿಯೊಂದು ಕೈಕೋವಿಯನ್ನೂ ಮಾರಾಟಕ್ಕೆ ಮೊದಲು ಶೇಕಡ 30ರಷ್ಟು ಹೆಚ್ಚಿನ ಒತ್ತಡದ ತೋಟಾದಿಂದ ಪರೀಕ್ಷಿಸಿ ಮುದ್ರೆ ಒತ್ತಬೇಕು. ಹೆಚ್ಚಿನದೆಂದರೆ ಅಷ್ಟೇ, ಇಮ್ಮಡಿ ಒತ್ತಡವನ್ನು ತಾಳುವ ಮಾತನ್ನು ಯಾವ ತಯಾರಕನೂ ಕೊಟ್ಟಿಲ್ಲ.

ಈ ಇಮ್ಮಡಿಯ ಮಾತು ಕಲ್ಪನೆಯದಲ್ಲ. ಅಮೆರಿಕದಲ್ಲಿ .38 ಸ್ಪೆಷಲ್ ಎಂಬ ರಿವಾಲ್ವರ್ ತೋಟಾ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೂ ಬಳಕೆಯಲ್ಲಿದೆ. 1935ರಲ್ಲಿ ಅದೇ ವ್ಯಾಸದ ಗುಂಡಿಗೆ ಹೆಚ್ಚು ವೇಗ ಕೊಡುವ .357 ಮ್ಯಾಗ್ನಮ್ ಹುಟ್ಟಿತು. ಒತ್ತಡ ಹಳೆಯದರ ಎರಡರಷ್ಟು. ಹೊಸ ತೋಟಾವನ್ನು ಹಳೆಯ ರಿವಾಲ್ವರಿಗೆ ಯಾರಾದರೂ ತುಂಬಿದರೆ? ಅದಕ್ಕಾಗಿ ಕೋಶವನ್ನು ಮೂರು ಮಿಲಿಮೀಟರಿಗೂ ತುಸು ಹೆಚ್ಚು ಉದ್ದ ಮಾಡಿದರು. ಹಳೆಯ ಗೂಡಿನೊಳಗೆ ಅದು ಪೂರ್ತಿ ಇಳಿಯುವುದೇ ಇಲ್ಲ. ಹೊಸ ರಿವಾಲ್ವರಿನಲ್ಲಿ ಹಳೆಯ ತೋಟಾ ಮಾತ್ರ ಸುಖವಾಗಿ ಕೂರುತ್ತದೆ. ಎಚ್ಚರಿಕೆಯ ಫಲಕಕ್ಕಿಂತ ಈ ಮೂರು ಮಿಲಿಮೀಟರ್ ಹಿತ್ತಾಳೆ ಹೆಚ್ಚು ಬುದ್ಧಿವಂತಿಕೆಯದೆಂದು ನಮ್ಮ ಅಭಿಪ್ರಾಯ. ಒಂದು ವಿನೋದವನ್ನೂ ಗಮನಿಸಿ: .38 ಎಂಬುದು ಕೋಶದ ವ್ಯಾಸದಿಂದ ಬಂದ ಹೆಸರು. ಗುಂಡಿನ ನಿಜವಾದ ವ್ಯಾಸ.357 ಅಂಗುಲವೇ.

ಹೆಸರನ್ನು ನಂಬಿ ಕೆಡಬಾರದು. 1902ರ 9×19 ತೋಟಾದ ಗುಂಡು 9.02 ಮಿಲಿಮೀಟರ್, ಸೋವಿಯತ್ ದೇಶದ ಮಕಾರೊವ್ ಪಿಸ್ತೂಲಿನದು 9.27. ಎರಡಕ್ಕೂ ಜನ ‘ಒಂಬತ್ತು ಮಿಲಿಮೀಟರ್’ ಎನ್ನುತ್ತಾರೆ. ವ್ಯತ್ಯಾಸ ಎರಡು ಮೂರು ಹಾಳೆ ಕಾಗದದಷ್ಟು. ಆದರೆ ಗುಂಡು ನಳಿಗೆಗಿಂತ ಅಷ್ಟು ಸಣ್ಣದಾದರೆ ಸುತ್ತಲಿಂದ ಅನಿಲ ನುಸುಳುತ್ತದೆ, ನಳಿಗೆಯ ಹಿಡಿತ ತಪ್ಪುತ್ತದೆ. ದೊಡ್ಡದಾದರೆ ಹಿಂದಿನ ಒತ್ತಡ ಏರುತ್ತದೆ. ಅನುಭವಿಗಳು ಮೆದು ಸೀಸದ ತುಂಡೊಂದನ್ನು ಬರಿದಾದ ನಳಿಗೆಯ ಮೂಲಕ ನೂಕಿ, ಹೊರಬಂದುದನ್ನು ಮೈಕ್ರೋಮೀಟರಿನಿಂದ ಅಳೆದು ಆ ನಳಿಗೆಯ ನಿಜವಾದ ಅಳತೆಯನ್ನು ತಿಳಿಯುತ್ತಾರೆ. ಸೀಸದ ಗುಂಡು ಈ ಅಳತೆಗಿಂತ ಅಂಗುಲದ ಸಾವಿರದಲ್ಲೊಂದು ಪಾಲು ದಪ್ಪವಿರುವುದು ವಾಡಿಕೆ.

ನಳಿಗೆಯ ಹಿಡಿತವೆಂದೆವಷ್ಟೆ. ಒಳಮೈಯಲ್ಲಿ ಸುರುಳಿಯಾಗಿ ಕೊರೆದ ತೋಡುಗಳಿವೆ. ಅವುಗಳ ನಡುವಣ ಏಣುಗಳು ಗುಂಡನ್ನು ಕಚ್ಚಿ ತಿರುಗಿಸುತ್ತವೆ. ಇದರ ಪ್ರಯೋಜನವನ್ನು 1747ರಲ್ಲಿಯೇ ಲಂಡನ್ನಿನ ರಾಯಲ್ ಸೊಸೈಟಿಗೆ ವಿವರಿಸಿದವನು ಬೆಂಜಮಿನ್ ರಾಬಿನ್ಸ್. ಈತ 1751ರಲ್ಲಿ ತೀರಿಕೊಂಡುದು ನಮ್ಮ ನೆರೆಯ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ. ಗಾಳಿಯ ತಡೆ ಉದ್ದನೆಯ ಗುಂಡನ್ನು ಅಡ್ಡ ಮಗುಚಲು ನೋಡುತ್ತದೆ. ತಿರುಗುವ ಬುಗುರಿ ಬೀಳದೆ ನಿಲ್ಲುವಂತೆ, ತಿರುಗುವ ಗುಂಡು ಮಗುಚದೆ ಸಾಗುತ್ತದೆ.

9 ಮಿಲಿಮೀಟರ್ ಪಿಸ್ತೂಲಿನಲ್ಲಿ ಸುರುಳಿಯ ಒಂದು ಸುತ್ತಿಗೆ 25 ಸೆಂಟಿಮೀಟರ್. ನಳಿಗೆಯೋ 10 ಸೆಂಟಿಮೀಟರಿನದು. ಗುಂಡು ಅದರೊಳಗೆ ಅರ್ಧ ಸುತ್ತನ್ನೂ ತಿರುಗುವುದಿಲ್ಲ. ಆದರೂ ಸೆಕೆಂಡಿಗೆ 360 ಮೀಟರ್ ವೇಗದಲ್ಲಿ ಹೊರಟಾಗ ಅದರ ಭ್ರಮಣ ಸೆಕೆಂಡಿಗೆ 1440 ಸುತ್ತು. ಒಂದು ದಿನದಲ್ಲಿ ಎಷ್ಟು ನಿಮಿಷಗಳೋ ಅಷ್ಟು!

ಎಷ್ಟು ಭ್ರಮಣ ಬೇಕು? 1879ರಲ್ಲಿ ವೂಲ್ವಿಚ್ಚಿನ ಗಣಿತಜ್ಞ ಗ್ರೀನ್‌ಹಿಲ್ ಒಂದು ಸುಲಭ ಸೂತ್ರವನ್ನು ಕೊಟ್ಟನು: ಗುಂಡಿನ ಉದ್ದ ಅದರ ವ್ಯಾಸದ ಎಷ್ಟರಷ್ಟಿದೆಯೋ ಅದರಿಂದ 150ನ್ನು ಭಾಗಿಸಿದರೆ ಒಂದು ಸುತ್ತಿಗೆ ಎಷ್ಟು ವ್ಯಾಸಗಳ ದೂರ ಎಂಬುದು ದೊರೆಯುತ್ತದೆ. 15 ಮಿಲಿಮೀಟರ್ ಉದ್ದದ ಪಿಸ್ತೂಲು ಗುಂಡಿಗೆ ಇದು ಸುಮಾರು 81 ಸೆಂಟಿಮೀಟರ್. 25 ಸೆಂಟಿಮೀಟರಿನ ಸುರುಳಿ ಬೇಕಾದುದಕ್ಕಿಂತ ಬಹಳ ಬಿಗಿ. ರೈಫಲುಗಳಲ್ಲಿ ಇಂಥ ಧಾರಾಳವಿಲ್ಲ. ಅಮೆರಿಕದ ಎಂ-16 ರೈಫಲಿಗೆ 1980ರ ದಶಕದಲ್ಲಿ ಉದ್ದನೆಯ ಹೊಸ ಗುಂಡು ಬಂದಾಗ, 12 ಅಂಗುಲಕ್ಕೊಂದು ಸುತ್ತಿದ್ದ ಸುರುಳಿಯನ್ನು 7 ಅಂಗುಲಕ್ಕೆ ಬಿಗಿಮಾಡಬೇಕಾಯಿತು. ಗಿಡ್ಡನೆಯ ಗುಂಡು, ಕಿರಿಯ ದೂರ, ಇವುಗಳಿಂದಾಗಿ ಕೈಕೋವಿಯವರು ಈ ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಗುಂಡಿನ ಲೋಹ ಮಾತ್ರ ಗಮನಕ್ಕೆ ಅರ್ಹ. ಬರಿಯ ಮೆದು ಸೀಸವನ್ನು ಹೆಚ್ಚಿನ ವೇಗದಲ್ಲಿ ನೂಕಿದರೆ ಏಣುಗಳ ಹಿಡಿತದಿಂದ ಜಾರಿ, ಸವೆದು, ನಳಿಗೆಗೆ ಮೆತ್ತಿಕೊಳ್ಳುತ್ತದೆ. ಅದಕ್ಕೆ ಆಂಟಿಮನಿ ಬೆರೆಸಿ ಗಟ್ಟಿಮಾಡುವುದು, ಇಲ್ಲವೇ ತಾಮ್ರದ ಮಿಶ್ರಲೋಹದ ಕವಚ ತೊಡಿಸುವುದು.

ಇಷ್ಟೆಲ್ಲ ಹೊಂದಿದ ಮೇಲೂ, ಒಂದೇ ಅಳತೆಯ ಹಲವು ಗುಂಡುಗಳಲ್ಲಿ ಯಾವುದು ಉತ್ತಮವೆಂಬುದನ್ನು ಸೂತ್ರ ಹೇಳಲಾರದು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಪದಕ ಗೆದ್ದ 10 ಮೀಟರ್ ಏರ್ ಪಿಸ್ತೂಲನ್ನೇ ನೋಡಿ. ಅಲ್ಲಿ ಮದ್ದಿಲ್ಲ, ಒತ್ತಿದ ಗಾಳಿಯೇ 4.5 ಮಿಲಿಮೀಟರಿನ ಸೀಸದ ಗುಂಡನ್ನು ತಳ್ಳುತ್ತದೆ. ಆ ಗುಂಡುಗಳು ತಲೆಯ ವ್ಯಾಸದಲ್ಲಿ 4.49, 4.50, 4.51 ಎಂದು ನೂರರಲ್ಲೊಂದು ಮಿಲಿಮೀಟರಿನ ಅಂತರದಲ್ಲಿ ವಿಂಗಡವಾಗಿ ಮಾರಾಟಕ್ಕೆ ಬರುತ್ತವೆ. ಪಿಸ್ತೂಲನ್ನು ಹಿಡಿಕೆಯಂತ್ರದಲ್ಲಿ ಭದ್ರವಾಗಿ ಬಿಗಿದು, ಪ್ರತಿಯೊಂದು ಬಗೆಯಿಂದಲೂ ಹತ್ತಾರು ಗುಂಡು ಹಾರಿಸಿ, ಕಾಗದದ ಮೇಲೆ ಬಿದ್ದ ತೂತುಗಳ ಗುಂಪು ಯಾವುದರಲ್ಲಿ ಅತಿ ಕಿರಿದೋ ಅದನ್ನು ಆ ನಳಿಗೆಗೆ ಆರಿಸುತ್ತಾರೆ. ಅವರು ಹೊಡೆಯಬೇಕಾದ ಹತ್ತು ಅಂಕದ ವೃತ್ತದ ವ್ಯಾಸ 11.5 ಮಿಲಿಮೀಟರ್.