ಪ್ರವಾಹ ಒಂದು, ನಂಬಿಕೆ ಹಲವು

ಕೃಷ್ಣೆ ಉಕ್ಕಿದಾಗಲೆಲ್ಲ ಅದರ ದಂಡೆಗಳಲ್ಲಿ ಎರಡು ವಾದಗಳು ಕೇಳಿಬರುತ್ತವೆ. ಆಲಮಟ್ಟಿಯ ಹಿನ್ನೀರಿನಿಂದಲೇ ತಮ್ಮ ಊರು ಮುಳುಗುತ್ತದೆಂಬುದು ಸಾಂಗಲಿ, ಕೊಲ್ಹಾಪುರದವರ ವಾದ. ಮಹಾರಾಷ್ಟ್ರವು ಕೊಯ್ನಾದಿಂದ ನೀರು ಬಿಡುವುದರಿಂದಲೇ ನಮ್ಮ ಹೊಲಗಳು ಮುಳುಗುತ್ತವೆಂಬುದು ಬಾಗಲಕೋಟೆಯ ಕಡೆ ನಾನು ಕೇಳುತ್ತ ಬಂದಿರುವ ವಾದ. 2005, 2019, 2021ರ ಪ್ರವಾಹಗಳು ಇಳಿದ ಮೇಲೂ ಎರಡೂ ಕಡೆಯವರು ತಮ್ಮ ಮಾತೇ ನಿಜವಾಯಿತೆಂದರು. ಒಂದೇ ನೀರು ಎರಡು ವಿರುದ್ಧ ನಂಬಿಕೆಗಳಿಗೆ ಸಾಕ್ಷಿ ನುಡಿಯುವುದು ಹೇಗೆ?

ಇದಕ್ಕೆ ಮನೋವಿಜ್ಞಾನದಲ್ಲಿ ಉತ್ತರವಿದೆ. 1960ರಲ್ಲಿ ಲಂಡನ್ನಿನ ಪೀಟರ್ ವೇಸನ್ ತಮ್ಮ ಪ್ರಯೋಗವೊಂದರಲ್ಲಿ 2, 4, 6 ಎಂಬ ಅಂಕಿಗಳನ್ನು ಕೊಟ್ಟು, ಇವುಗಳ ಹಿಂದಿನ ನಿಯಮವನ್ನು ಕಂಡುಹಿಡಿಯಿರೆಂದರು. ಎರಡೆರಡಾಗಿ ಹೆಚ್ಚುವ ಸಂಖ್ಯೆಗಳಿರಬೇಕೆಂದು ಊಹಿಸಿದ ಅನೇಕರು 8, 10, 12ರಂಥ ಉದಾಹರಣೆಗಳನ್ನೇ ಮುಂದಿಟ್ಟರು. ಪ್ರತಿ ಸಲವೂ 'ಸರಿ' ಎಂಬ ಉತ್ತರ ಬಂದು ಊಹೆ ಗಟ್ಟಿಯಾಯಿತು. ಆದರೆ ನಿಜವಾದ ನಿಯಮ ಏರುಕ್ರಮದ ಯಾವುದೇ ಮೂರು ಸಂಖ್ಯೆಗಳೆಂಬುದಷ್ಟೆ. 1, 2, 3 ಎಂದು ತಮ್ಮ ಊಹೆಗೆ ಹೊಂದದ ಒಂದನ್ನು ಕೇಳಿದ್ದರೆ ಸತ್ಯ ತಿಳಿಯುತ್ತಿತ್ತು. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಎಂಬ ನಮ್ಮ ಗಾದೆಯ ತಾತ್ಪರ್ಯವೂ ಇದೇ.

ಆಲಮಟ್ಟಿಗೂ ಇದೇ ಪರೀಕ್ಷೆಯನ್ನು ಅನ್ವಯಿಸಬಹುದು. ಜಲಾಶಯ ತುಂಬಿತ್ತು, ಸಾಂಗಲಿ ಮುಳುಗಿತು ಎಂಬ ವರ್ಷಗಳನ್ನಷ್ಟೇ ಎಣಿಸಿದರೆ ಸಾಲದು. ಜಲಾಶಯವು ಬಹುತೇಕ ವರ್ಷಗಳಲ್ಲಿ 519.60 ಮೀಟರಿನವರೆಗೆ ತುಂಬುತ್ತದೆ. ಅಂಥ ಹೆಚ್ಚಿನ ವರ್ಷಗಳಲ್ಲಿ ಸಾಂಗಲಿ ಮುಳುಗಿಲ್ಲ. ಅಣೆಕಟ್ಟು ಕಟ್ಟುವ ಮೊದಲೂ ಅಲ್ಲಿ ಪ್ರವಾಹ ಬಂದದ್ದುಂಟು. 2019ರ ಪ್ರವಾಹದ ನಂತರ ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ವಡನೇರೆ ಸಮಿತಿಯು ಆಲಮಟ್ಟಿಯ ಹಿನ್ನೀರು ಅದಕ್ಕೆ ಕಾರಣವಲ್ಲವೆಂದು ವರದಿ ಕೊಟ್ಟಿತು. ಆದರೂ 2025ರಲ್ಲಿ ಆ ರಾಜ್ಯದ ಮುಖ್ಯಮಂತ್ರಿಗಳು ಪ್ರವಾಹದ ಭೀತಿಯನ್ನೇ ಮುಂದಿಟ್ಟು ಅಣೆಕಟ್ಟಿನ ಎತ್ತರಿಕೆಯನ್ನು ವಿರೋಧಿಸಿ ಪತ್ರ ಬರೆದರು.

ಇದನ್ನೋದಿ ನಾವು ಬೀಗಬೇಕಾಗಿಲ್ಲ. ವಡನೇರೆ ವರದಿಯನ್ನು ನಾವು ಮೆಚ್ಚಿದ್ದು ಅದರ ಲೆಕ್ಕಾಚಾರವನ್ನು ಪರಿಶೀಲಿಸಿಯೋ, ತೀರ್ಮಾನ ನಮ್ಮ ಪರವಾಗಿದ್ದುದರಿಂದಲೋ? ಮಲಪ್ರಭೆಯ ಮಾತನ್ನೇ ತೆಗೆದುಕೊಳ್ಳೋಣ. 2019ರ ಆಗಸ್ಟಿನಲ್ಲಿ ನವಿಲುತೀರ್ಥದಿಂದ ಬಿಟ್ಟ ನೀರು ಬಾದಾಮಿ, ಹುನಗುಂದ ತಾಲ್ಲೂಕುಗಳ ಹಳ್ಳಿಗಳಿಗೆ ನುಗ್ಗಿತು. ಪಟ್ಟದಕಲ್ಲಿನ ಗುಡಿಗಳ ಅಂಗಳವೂ ಜಲಾವೃತವಾಯಿತು. ಅಂದಿನಿಂದ ಪ್ರತಿ ನೆರೆಯೂ ಗೇಟು ತೆರೆದವರ ತಪ್ಪು ಎಂಬ ನಂಬಿಕೆ ಬೇರೂರಿದೆ. ಆದರೆ 2009ರ ಸೆಪ್ಟೆಂಬರ್ ಕೊನೆಯಲ್ಲಿ ಇದೇ ಬಯಲುಸೀಮೆಯ ಮೇಲೆ ಸುರಿದ ಮಳೆಯೇ ಊರೂರುಗಳನ್ನು ಕೆಡವಿತ್ತು. ಆ ನೆನಪು ನಮ್ಮ ವಾದಕ್ಕೆ ಒದಗುವುದಿಲ್ಲ, ಆದ್ದರಿಂದ ಮರೆತುಹೋಗುತ್ತದೆ.

ಈ ಮರೆವಿಗೆ ತೆರಬೇಕಾದ ಬೆಲೆ ದೊಡ್ಡದು. ಬ್ರಿಜೇಶ್ ಕುಮಾರ್ ನ್ಯಾಯಮಂಡಳಿಯು 2010ರಲ್ಲಿ ಒಪ್ಪಿದ 524.256 ಮೀಟರ್ ಎತ್ತರಕ್ಕೆ ನೀರು ನಿಂತರೆ ಸುಮಾರು 75 ಸಾವಿರ ಎಕರೆ ಮುಳುಗಡೆಯಾಗುತ್ತದೆ. ರಾಜ್ಯ ಸಚಿವ ಸಂಪುಟವು 2025ರ ಸೆಪ್ಟೆಂಬರಿನಲ್ಲಿ ಎಕರೆಗೆ ನೀರಾವರಿ ಜಮೀನಿಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಪರಿಹಾರ ನಿಗದಿ ಮಾಡಿತು. ಹುನಗುಂದ, ಇಳಕಲ್ಲಿನಂಥ ಒಣಸೀಮೆಯಲ್ಲಿ ನಿಂತು ನೋಡಿದರೆ ಈ ಎತ್ತರ ನೀರಾವರಿಯ ಆಸೆ, ಬಾಗಲಕೋಟೆಯಲ್ಲಿ ಮತ್ತೊಂದು ಮುಳುಗಡೆ, ಸಾಂಗಲಿಯಲ್ಲಿ ಮೃತ್ಯುಭಯ. ಪ್ರತಿಯೊಬ್ಬರಲ್ಲೂ ತಮಗೆ ಬೇಕಾದ ಅಂಕಿಗಳು ಸಿದ್ಧವಾಗಿವೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಕಲಿತ ಮೊದಲ ಪಾಠ, ಅನುಕೂಲದ ಅಂಕಿಗಳೊಡನೆ ಪ್ರತಿಕೂಲದ ಅಂಕಿಗಳನ್ನೂ ಅದೇ ಪಟ್ಟಿಯಲ್ಲಿಡಬೇಕೆಂಬುದು. ಮಳೆಗಾಲದುದ್ದಕ್ಕೂ ಕೊಯ್ನಾ, ಆಲಮಟ್ಟಿ, ನವಿಲುತೀರ್ಥಗಳ ಒಳಹರಿವು, ಹೊರಹರಿವು, ನೀರಿನ ಮಟ್ಟಗಳನ್ನು ಎರಡೂ ರಾಜ್ಯಗಳು ಒಂದೇ ಕಡೆ, ಕನ್ನಡ ಮರಾಠಿಗಳೆರಡರಲ್ಲೂ ಪ್ರತಿ ಗಂಟೆ ಪ್ರಕಟಿಸಲಿ. ಯಾವ ಅಳತೆ ಸಿಕ್ಕರೆ ತಮ್ಮ ನಿಲುವನ್ನು ಬದಲಿಸುತ್ತೇವೆಂಬುದನ್ನು ಮಳೆಗೆ ಮುಂಚೆಯೇ ಬರೆದು ಸಹಿ ಹಾಕಲಿ. ನೆರೆ ಬಂದ ಮೇಲೆ ಸಾಕ್ಷಿ ಹುಡುಕಹೊರಟವನಿಗೆ ತನಗೆ ಬೇಕಾದ ಸಾಕ್ಷಿಯೇ ಸಿಗುತ್ತದೆ.